ಪ್ರಹ್ಲಾದ ಸರ್ ಬರೆದ ಮೂವತ್ತೆಂಟು ಕಾರ್ಡುಗಳು

ಸೇಡಂನ ಒಂದು ಅನುದಾನಿತ ಶಾಲೆಯಲ್ಲಿ ಭಾಮಾ ಐದು ವರ್ಷದಿಂದ ಗ್ರಂಥಾಲಯ ನೋಡಿಕೊಳ್ಳುತ್ತಿದ್ದಾಳೆ. ಮೊದಲು ಆ ಕೆಲಸ ಅವಳ ಗಂಡ ಪ್ರಹ್ಲಾದನದಾಗಿತ್ತು. ಹತ್ತೊಂಬತ್ತು ವರ್ಷ ಅವನು ಅಲ್ಲಿ ಗ್ರಂಥಪಾಲಕನಾಗಿದ್ದ. ಒಂದು ಮಂಗಳವಾರ ಶಾಲೆಯಿಂದ ಬಂದು, ಕೈಕಾಲು ತೊಳೆದು, ಚಹಾ ಬೇಡ ಎಂದು ಹೇಳಿ ಗೋಡೆಗೆ ಒರಗಿ ಕುಳಿತವನು ಹಾಗೆಯೇ ಹೋಗಿಬಿಟ್ಟ. ಎದೆ ಹಿಡಿದುಕೊಳ್ಳಲಿಲ್ಲ, ಕೂಗಲಿಲ್ಲ. ಭಾಮಾ ಒಲೆಯ ಮುಂದೆ ನಿಂತು ಇನ್ನೂ ಏನೋ ಹೇಳುತ್ತಲೇ ಇದ್ದಳು.

ಅನುಕಂಪದ ಮೇಲೆ ಶಾಲೆಯವರು ಅವಳನ್ನು ಸಹಾಯಕಿ ಎಂದು ತೆಗೆದುಕೊಂಡರು. ಗ್ರಂಥಪಾಲಕರ ಜಾಗಕ್ಕೆ ಮತ್ತೆ ಯಾರೂ ಬರಲಿಲ್ಲವಾದ್ದರಿಂದ ಸಹಾಯ ಮಾಡಿಸಿಕೊಳ್ಳುವವಳೂ ಅವಳೇ, ಮಾಡುವವಳೂ ಅವಳೇ ಆದಳು. ಹತ್ತನೆಯ ತರಗತಿಯ ಮೇಲೆ ಅವಳು ಓದಿರಲಿಲ್ಲ. ಪುಸ್ತಕಕ್ಕೆ ಸಂಖ್ಯೆ ಕೊಡುವುದು, ವಿಷಯದ ಪ್ರಕಾರ ಜೋಡಿಸುವುದು, ಕಾರ್ಡು ಬರೆಯುವುದು ಎಲ್ಲವನ್ನೂ ಪ್ರಹ್ಲಾದ ಬಿಟ್ಟುಹೋದ ಕಾರ್ಡುಗಳನ್ನು ನೋಡಿಯೇ ಕಲಿತಳು. ಅವನು ಅಡ್ಡಗೆರೆ ಎಲ್ಲಿ ಎಳೆದಿದ್ದನೋ ಅಲ್ಲೇ ಎಳೆದಳು. ಅವನ ಹಾಗೆಯೇ ಏಳರ ಅಂಕಿಯನ್ನು ನಡುವೆ ಗೆರೆ ಹಾಕಿ ಬರೆಯುವುದು ಅವಳಿಗೂ ರೂಢಿಯಾಯಿತು. ದುಃಖ ಬರುತ್ತದೆ ಎಂದು ಎಲ್ಲರೂ ಹೇಳಿದ್ದರು. ಅದು ಬಂದಂತೆ ಅವಳಿಗೆ ಅನ್ನಿಸಲಿಲ್ಲ. ಬೆಳಿಗ್ಗೆ ಎದ್ದು ಸ್ನಾನ, ದೇವರ ಮುಂದೆ ದೀಪ, ಸಹಸ್ರನಾಮ, ಎರಡು ಜೋಳದ ಭಕ್ರಿ, ಶಾಲೆ. ಏಕಾದಶಿಯ ದಿನ ಉಪವಾಸ. ತಿಂಗಳಿಗೊಮ್ಮೆ ಗುರುವಾರ ಮಳಖೇಡಕ್ಕೆ ಹೋಗಿ ವೃಂದಾವನಕ್ಕೆ ಪ್ರದಕ್ಷಿಣೆ. ಕೈಗಳು ತಮ್ಮ ಕೆಲಸ ತಾವು ಮಾಡುತ್ತಿದ್ದವು.

ಗ್ರಂಥಾಲಯದಲ್ಲಿ ಒಂದು ಮರದ ಪೆಟ್ಟಿಗೆ ಇದೆ. ಅದಕ್ಕೆ ಆರು ಖಾನೆಗಳು. ಕೊನೆಯ ಖಾನೆಯ ಮೇಲೆ ‘ನಮ್ಮ ಸುತ್ತಿನ ಊರುಗಳು’ ಎಂದು ಪ್ರಹ್ಲಾದನ ಅಕ್ಷರದಲ್ಲಿ ಬರೆದಿದೆ. ಒಳಗೆ ಮೂವತ್ತೆಂಟು ಕಾರ್ಡುಗಳು. ಒಂದೊಂದರಲ್ಲಿ ಒಂದು ಊರಿನ ಸಂಗತಿ: ಬಾವಿ, ಸಂತೆ, ಕಲ್ಲಿನ ಗಣಿ, ಹಳೆಯ ದಾರಿ, ಬೆಳೆ. ಕೆಳಗೆ ‘ಹೇಳಿದವರು’ ಎಂದು ಒಬ್ಬರ ಹೆಸರು, ವಯಸ್ಸು, ತಾರೀಖು. ಹೊರಗಿನಿಂದ ಯಾರೇ ಬಂದರೂ ಮುಖ್ಯಗುರು ಶರಣಕುಮಾರ ಅವರು ಆ ಖಾನೆಯನ್ನು ತೆಗೆದು ತೋರಿಸುತ್ತಿದ್ದರು. ಒಬ್ಬ ಗ್ರಂಥಪಾಲಕ ತನ್ನ ರವಿವಾರಗಳನ್ನು ಶಾಲೆಗೆ ಕೊಟ್ಟದ್ದು ಇದು ಎನ್ನುತ್ತಿದ್ದರು.

ಆ ರವಿವಾರಗಳು ಭಾಮಾಗೆ ಗೊತ್ತಿದ್ದವು. ಸುಮಾರು ನಾಲ್ಕು ವರ್ಷ, ವಾರ ತಪ್ಪದೆ, ಪ್ರಹ್ಲಾದ ಊರೂರು ತಿರುಗಿ ಮಾಹಿತಿ ಕೂಡಿಸುತ್ತೇನೆಂದು ಬೆಳಿಗ್ಗೆ ಹೊರಡುತ್ತಿದ್ದ. ಅವಳು ಭಕ್ರಿ, ಶೇಂಗಾ ಹಿಂಡಿ, ಒಂದು ಬಾಟಲಿ ಮಜ್ಜಿಗೆ ಕಟ್ಟಿ ಕೊಡುತ್ತಿದ್ದಳು. ಅತ್ತೆ ಆಗ ಲಕವಾ ಹೊಡೆದು ಹಾಸಿಗೆ ಹಿಡಿದಿದ್ದರು. ಮಾತು ನಿಂತುಹೋಗಿತ್ತು. ಮಕ್ಕಳಿರಲಿಲ್ಲ. ರವಿವಾರ ಪೂರ್ತಿ ಅವಳೊಬ್ಬಳೇ ಅತ್ತೆಯನ್ನು ಹೊರಳಿಸಿ, ಒರೆಸಿ, ಉಣಿಸುತ್ತಿದ್ದಳು. ಅದರ ಬಗ್ಗೆ ಅವಳು ಬೇಸರ ಮಾಡಿಕೊಂಡಿರಲಿಲ್ಲ. ಅವನು ದೊಡ್ಡ ಕೆಲಸ ಮಾಡುತ್ತಿದ್ದಾನೆ, ಅದರಲ್ಲಿ ತನ್ನದೂ ಒಂದು ಪಾಲಿದೆ ಎಂದುಕೊಂಡಿದ್ದಳು.

ಕಳೆದ ವರ್ಷ ಜೂನ್ ತಿಂಗಳಲ್ಲಿ ಆರನೆಯ ತರಗತಿಗೆ ಸಮಾಜ ವಿಜ್ಞಾನ ಕಲಿಸಲು ಅಜಯಕುಮಾರ ಎಂಬ ಹೊಸ ಶಿಕ್ಷಕ ಬಂದ. ತೆಂಗಳಿಯವನು, ಮೂವತ್ತರ ಒಳಗಿನವನು, ಮಾತಿನಲ್ಲಿ ಚುರುಕು. ಮೊದಲ ವಾರವೇ ಗ್ರಂಥಾಲಯಕ್ಕೆ ಬಂದು, ಪಾಠದ ಪುಸ್ತಕ ಬಿಟ್ಟು ಬೇರೆ ಏನಾದರೂ ಮಕ್ಕಳ ಕೈಗೆ ಕೊಡಬೇಕೆಂದ. ಇವರು ಮೊಬೈಲಿನಲ್ಲಿ ನೋಡಿ ಬರೆದುಕೊಂಡು ಬರುತ್ತಾರೆ, ಅದರಲ್ಲಿ ತಾಜ್ ಮಹಲು ಬರುತ್ತದೆಯೇ ಹೊರತು ಪಕ್ಕದ ಊರು ಕೋಡ್ಲಾ ಬರುವುದಿಲ್ಲ ಎಂದು ನಕ್ಕ. ಭಾಮಾ ಕೊನೆಯ ಖಾನೆಯನ್ನು ತೆಗೆದು ಅವನ ಮುಂದೆ ಇಟ್ಟಳು.

ಅಂದಿನಿಂದ ಇಬ್ಬರೂ ಸೇರಿ ಕೆಲಸ ಶುರು ಮಾಡಿದರು. ವಾರದಲ್ಲಿ ಎರಡು ಅವಧಿ ಮಕ್ಕಳು ಗ್ರಂಥಾಲಯಕ್ಕೆ ಬರುತ್ತಿದ್ದರು. ಪ್ರಶ್ನೆ ಕಟ್ಟುವುದನ್ನು ಅಜಯಕುಮಾರ ಕಲಿಸುತ್ತಿದ್ದ. ಎಲ್ಲಿ ಹುಡುಕಬೇಕು, ಸಿಕ್ಕದ್ದನ್ನು ಹೇಗೆ ಬರೆದಿಡಬೇಕು ಎಂಬುದು ಭಾಮಾಳ ಪಾಲು. ಅವಳು ಮೂರು ಗೆರೆಯ ಕಾರ್ಡು ಮಾಡಿಸಿದಳು: ಊರು, ಸಂಗತಿ, ಹೇಳಿದವರು. ಮೂರನೆಯ ಗೆರೆ ಖಾಲಿ ಇದ್ದರೆ ಕಾರ್ಡು ಖಾನೆಗೆ ಹೋಗುವುದಿಲ್ಲ ಎಂದು ಮಕ್ಕಳಿಗೆ ಪ್ರತಿ ಸಲ ಹೇಳುತ್ತಿದ್ದಳು. ಅವಳಿಗೆ ಬೇರೆ ನಿಯಮ ಗೊತ್ತಿರಲಿಲ್ಲ. ಇದನ್ನು ಗಂಡನಿಂದ ಕಲಿತಿದ್ದಳು.

ದಸರೆ ರಜೆಗೆ ಮುಂಚೆ ಯೋಜನೆಯ ಮುಖ್ಯ ಭಾಗ ಏನಿರಬೇಕೆಂದು ಅಜಯಕುಮಾರ ಯೋಚಿಸುತ್ತಿದ್ದಾಗ, ದಾರಿ ತೋರಿಸಿದವಳೂ ಭಾಮಾಳೇ. ಈ ಕಾರ್ಡುಗಳಿಗೆ ಹತ್ತು ವರ್ಷದ ಮೇಲಾಯಿತು. ಹೆಸರುಗಳಿವೆ. ಅದೇ ಮನುಷ್ಯರ ಹತ್ತಿರ ಮಕ್ಕಳು ಮತ್ತೆ ಹೋಗಿ, ಅದೇ ಸಂಗತಿಯನ್ನು ಕೇಳಿ, ಹಳೆಯ ಕಾರ್ಡು ಹೊಸ ಕಾರ್ಡು ಪಕ್ಕಪಕ್ಕ ಇಟ್ಟರೆ ಏನು ಬದಲಾಗಿದೆ ಎಂದು ತಾನಾಗಿ ಕಾಣುತ್ತದೆ ಎಂದಳು. ಬಿ.ಎಡ್. ಮಾಡಿದ್ದು ನಾನೋ ನೀವೋ ಎಂದು ಅಜಯಕುಮಾರ ಕೇಳಿದ. ಮುಖ್ಯಗುರುಗಳೂ ಒಪ್ಪಿದರು. ನವೆಂಬರಿನ ಒಂದು ಶನಿವಾರ ಪಾಲಕರನ್ನು ಕರೆದು ಪ್ರದರ್ಶನ ಇಡುವುದು, ನಡುವೆ ಆ ಪೆಟ್ಟಿಗೆಯನ್ನೂ ಪ್ರಹ್ಲಾದನ ಫೋಟೋವನ್ನೂ ಇಡುವುದು ಎಂದು ತೀರ್ಮಾನವಾಯಿತು.

ರಜೆ ಮುಗಿದ ಮೇಲೆ ಮೊದಲು ಬಂದವಳು ಕೋಡ್ಲಾದ ಸಪ್ನಾ. ಆರನೆಯ ತರಗತಿಯ ಹುಡುಗಿ, ದಿನಾ ಬಸ್ಸಿನಲ್ಲಿ ಬರುವವಳು. ಅವಳಿಗೆ ಸಿಕ್ಕಿದ್ದ ಕಾರ್ಡಿನಲ್ಲಿ ಚಂದ್ರಾಮ ಎಂಬವನು, ತಾನು ಎರಡು ಎತ್ತು ಕಟ್ಟಿಕೊಂಡು ಹಳೆಯ ದಾರಿಯಲ್ಲಿ ಸೇಡಂ ಸಂತೆಗೆ ತೊಗರಿ ಒಯ್ಯುತ್ತಿದ್ದುದನ್ನು ಹೇಳಿದ್ದ. ಸಪ್ನಾ ತನ್ನ ಹೊಸ ಕಾರ್ಡನ್ನು ಮೇಜಿನ ಮೇಲಿಟ್ಟು ಕೈ ಹಿಂದೆ ಕಟ್ಟಿ ನಿಂತಳು.

“ಅಕ್ಕೋರ, ಚಂದ್ರಾಮ ಮುತ್ಯಾನ ಹಂತೇಲಿ ಎತ್ತೇ ಇದ್ದಿಲ್ಲಂತ್ರಿ. ಹೊಲಾನೂ ಇಲ್ಲ. ಅವ ಟೇಲರ್. ನನ್ನ ಹಂತ್ಯಾಕ ಯಾವ ಸರ್ ಬಂದಿಲ್ಲ, ಅಂಗಿ ಹೊಲಸಾಕ ಸುದ್ದೆ ಬಂದಿಲ್ಲ ಅಂದ.”

ಭಾಮಾ ಅದೇ ಹೆಸರಿನ ಬೇರೆ ಯಾರೋ ಇರಬೇಕು ಎಂದಳು. ಸಪ್ನಾ ಅದನ್ನೂ ಕೇಳಿಕೊಂಡು ಬಂದಿದ್ದಳು. ಆ ವಯಸ್ಸಿನ ಚಂದ್ರಾಮ ಊರಿನಲ್ಲಿ ಅವನೊಬ್ಬನೇ.

ತೆಂಗಳಿಯ ಕಾರ್ಡನ್ನು ಅಜಯಕುಮಾರ ತಾನೇ ಮಕ್ಕಳೊಂದಿಗೆ ಒಯ್ದಿದ್ದ. ಅದರಲ್ಲಿದ್ದ ಹಣಮವ್ವ ಅವನ ಓಣಿಯವಳೇ. ಎರಡು ಸಾವಿರದ ಹದಿನಾಲ್ಕರ ಮಾರ್ಚಿನಲ್ಲಿ ಅವಳು ಊರ ಬಾವಿಗಳ ಬಗ್ಗೆ ಹೇಳಿದಳೆಂದು ಕಾರ್ಡಿನಲ್ಲಿತ್ತು. ಹಣಮವ್ವ ಆ ವರ್ಷ, ಅದರ ಹಿಂದಿನ ಮುಂದಿನ ಎರಡೆರಡು ವರ್ಷ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಳು. ಅಜಯಕುಮಾರ ಇದನ್ನು ಹೇಳುವಾಗ ಭಾಮಾಳ ಮುಖ ನೋಡಲಿಲ್ಲ. ತಾರೀಖು ಬರೆಯುವಾಗ ಸರ್ ತಪ್ಪಿರಬಹುದು ಎಂದು ತಾನೇ ಸೇರಿಸಿದ.

ಮೂರನೆಯದು ಚಿಂಚೋಳಿ ಕಡೆಯ ಒಂದು ಹಳ್ಳಿಯ ಕಾರ್ಡು. ಹೇಳಿದವರು ಭೀಮಶ್ಯಾ, ವಯಸ್ಸು ಎಪ್ಪತ್ತೊಂದು. ಅವನ ಮನೆಯವರು ಮಕ್ಕಳಿಗೆ ಚಹಾ ಕೊಟ್ಟು, ಭೀಮಶ್ಯಾ ತೀರಿಕೊಂಡದ್ದು ಎರಡು ಸಾವಿರದ ಹನ್ನೆರಡರಲ್ಲಿ ಎಂದು ಹೇಳಿ ಕಳಿಸಿದ್ದರು. ಕಾರ್ಡಿನ ತಾರೀಖು ಎರಡು ಸಾವಿರದ ಹದಿನೈದು.

“ಸತ್ತ ಮ್ಯಾಲ ಮೂರು ವರ್ಷಕ್ಕ ಮಾತಾಡ್ಯಾನಲ್ರಿ ಮುತ್ಯಾ,” ಎಂದು ಅಜಯಕುಮಾರ ನಗಲು ನೋಡಿದ. “ಸತ್ತವ್ರು ಜೀವಂತ ಇರೂದು ಓಟರ್ ಲಿಸ್ಟಿನಾಗ ಅಷ್ಟೇ.”

ಅವನು ಹೋದ ಮೇಲೆ ಭಾಮಾ ಎದ್ದು ಕೆಳಗಿನ ಕಪಾಟಿನ ಬಾಗಿಲು ತೆಗೆದಳು. ಚುನಾವಣೆಯಲ್ಲಿ ಶಾಲೆ ಮತಗಟ್ಟೆಯಾಗುತ್ತದೆ. ಸುತ್ತಿನ ಹಳ್ಳಿಗಳ ಹಳೆಯ ಮತದಾರರ ಪಟ್ಟಿಗಳನ್ನು ಪ್ರಹ್ಲಾದ ಯಾರ ಯಾರ ಕಡೆಯಿಂದಲೋ ತಂದು ಅಲ್ಲಿ ಕೂಡಿಟ್ಟಿದ್ದ. ಧೂಳು ಒರೆಸಿ ಕೋಡ್ಲಾದ ಪಟ್ಟಿಯನ್ನು ಮೇಜಿನ ಮೇಲೆ ಬಿಡಿಸಿದಳು. ಚಂದ್ರಾಮನ ಹೆಸರಿನ ಮುಂದೆ ನೀಲಿ ಪೆನ್ಸಿಲ್ಲಿನ ಒಂದು ಸಣ್ಣ ಗುರುತು ಇತ್ತು. ತೆಂಗಳಿಯ ಪಟ್ಟಿಯಲ್ಲಿ ಹಣಮವ್ವನ ಮುಂದೆ ಇತ್ತು. ಭೀಮಶ್ಯಾನ ಮುಂದೆಯೂ ಇತ್ತು. ಕಾರ್ಡಿನಲ್ಲಿದ್ದ ವಯಸ್ಸು ಪಟ್ಟಿಯಲ್ಲಿದ್ದ ವಯಸ್ಸೇ. ಅವಳು ಮೂವತ್ತೆಂಟು ಕಾರ್ಡುಗಳನ್ನೂ ಹೊರಗೆ ತೆಗೆದು ಒಂದೊಂದಾಗಿ ಹೊಂದಿಸಿದಳು. ಮೂವತ್ತೆಂಟು ಗುರುತು ಸಿಕ್ಕವು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಪಟ್ಟಿಗಳನ್ನು ಮಡಚಿ ಅದೇ ಕ್ರಮದಲ್ಲಿ ಒಳಗಿಟ್ಟಳು. ಆಮೇಲೆ ಮೂರನೆಯ ತರಗತಿಯ ಮಕ್ಕಳು ಚಿತ್ರದ ಪುಸ್ತಕ ಕೇಳಿಕೊಂಡು ಬಂದರು. ಎಲ್ಲರಿಗೂ ಕೊಟ್ಟು, ಹೆಸರು ಬರೆದುಕೊಂಡಳು.

ಮರುದಿನ ಬೆಳಿಗ್ಗೆ ಸಹಸ್ರನಾಮ ಮುಗಿಸಿ ಕೈಮುಗಿದಾಗ, ಮೊದಲಿನಿಂದ ಕೊನೆಯವರೆಗೆ ಒಂದು ನಾಮವೂ ತನ್ನ ಕಿವಿಗೆ ಬಿದ್ದಿಲ್ಲ ಎಂದು ಅವಳಿಗೆ ತಿಳಿಯಿತು. ಮತ್ತೆ ಶುರು ಮಾಡಿದಳು. ಎರಡನೆಯ ಸಲವೂ ಹಾಗೆಯೇ ಆಯಿತು.

ಊರುಗಳಿಗೆ ಹೋಗದಿದ್ದರೆ ಪ್ರಹ್ಲಾದ ಎಲ್ಲಿಗೆ ಹೋಗುತ್ತಿದ್ದ ಎಂಬ ಪ್ರಶ್ನೆಯನ್ನು ಅವಳು ಯಾರನ್ನೂ ಕೇಳಬೇಕೆಂದಿರಲಿಲ್ಲ. ಬಾಯಿಬಿಟ್ಟವನು ಶಾಲೆಯ ಸಿಪಾಯಿ ಪೀರಪ್ಪ. ಕಾರ್ಡುಗಳ ವಿಷಯ ಅಷ್ಟು ಹೊತ್ತಿಗೆ ಶಿಕ್ಷಕರ ಕೋಣೆಯಲ್ಲಿ ಹರಿದಾಡಿತ್ತು. ಯಾರೋ ಏನೇನೋ ಅನ್ನುತ್ತಿದ್ದುದು ಅವನಿಗೆ ಸಹಿಸಲಾಗಿರಲಿಲ್ಲ. ನೀರಿನ ಕೊಡ ತಂದಿಟ್ಟು ಬಾಗಿಲ ಬಳಿ ನಿಂತೇ ಇದ್ದ. ಕುಳಿತುಕೋ ಎಂದರೂ ಕುಳಿತುಕೊಳ್ಳಲಿಲ್ಲ.

ಅವನ ಮಗಳನ್ನು ಶಹಾಬಾದಿಗೆ ಕೊಟ್ಟಿದೆ. ಆಗ ಅವನು ರವಿವಾರ ಪ್ಯಾಸೆಂಜರ್ ಹತ್ತಿ ವಾಡಿಯಲ್ಲಿ ಗಾಡಿ ಬದಲಿಸಿ ಮಗಳ ಮನೆಗೆ ಹೋಗುತ್ತಿದ್ದ. ಪ್ರಹ್ಲಾದ ಸರ್ ಅದೇ ಗಾಡಿಗೆ ಬರುತ್ತಿದ್ದರು, ವಾಡಿಯಲ್ಲಿ ಇಳಿಯುತ್ತಿದ್ದರು. ಸಂಜೆ ತಾನು ತಿರುಗಿ ಬರುವಾಗಲೂ ಅದೇ ಪ್ಲಾಟ್‌ಫಾರ್ಮಿನ ಅದೇ ಬೆಂಚಿನ ಮೇಲೆ ಇರುತ್ತಿದ್ದರು. ಪಕ್ಕದಲ್ಲಿ ಬುತ್ತಿ, ತೊಡೆಯ ಮೇಲೆ ಕಾರ್ಡು. ಕೆಲವು ಸಲ ಬರೆಯುತ್ತಿದ್ದರು. ಹೆಚ್ಚಿನ ಸಲ ಸುಮ್ಮನೆ ಕುಳಿತಿರುತ್ತಿದ್ದರು.

“ಮತ್ತ್ಯಾರೂ ಇರತಿದ್ದಿಲ್ರಿ ಅಕ್ಕೋರ. ಖರೇ ಹೇಳ್ತೀನಿ, ಹಂಥಾದೇನೂ ಇದ್ದಿಲ್ಲ,” ಎಂದ ಪೀರಪ್ಪ. ಆಮೇಲೆ ತಡೆದು, “ಒಮ್ಮಿ ಕೇಳಿದ್ದೆ, ಇಲ್ಲಿ ಯಾಕ್ ಕುಂದರ್ತೀರಿ ಸರ್ ಅಂತ. ಮನ್ಯಾಗ ಮಾತು ಭಾಳ ಪೀರಪ್ಪ, ಇಲ್ಲಿ ಗಾಡಿ ಸಪ್ಪಳ ಒಂದೇ ನೋಡು ಅಂದ್ರು.”

ಭಾಮಾ ಹೌದಾ ಎಂದಳು. ಆ ಮನೆಯಲ್ಲಿ ಆಗ ಇದ್ದವರು ಮೂವರು. ಅತ್ತೆಗೆ ಮಾತಿರಲಿಲ್ಲ. ಪ್ರಹ್ಲಾದನದು ಮೊದಲಿನಿಂದಲೂ ಮಾತು ಕಡಿಮೆ. ಮಾತಾಡುತ್ತಿದ್ದವಳು ತಾನೊಬ್ಬಳೇ. ಅತ್ತೆ ಏನು ತಿಂದರು, ಹಾಸಿಗೆ ಎಷ್ಟು ಸಲ ಬದಲಿಸಿದೆ, ಡಾಕ್ಟರು ಏನಂದರು, ಓಣಿಯಲ್ಲಿ ಯಾರು ಏನಂದರು. ದಿನವೆಲ್ಲ ಉತ್ತರ ಕೊಡದವರ ಜೊತೆ ಕಳೆದವಳು, ಉತ್ತರ ಕೊಡಬಲ್ಲವನು ಬಂದ ಕೂಡಲೇ ಎಲ್ಲವನ್ನೂ ಹೇಳುತ್ತಿದ್ದಳು. ಪೀರಪ್ಪ ಇನ್ನೂ ನಿಂತಿದ್ದ. ಕೊಡ ತುಂಬಿದೆ, ಮೇಲೆ ಮುಚ್ಚಳ ಇಡು ಎಂದು ಅವನಿಗೆ ಹೇಳಿದಳು.

ಪ್ರದರ್ಶನಕ್ಕೆ ನಾಲ್ಕು ದಿನ ಉಳಿದಿತ್ತು. ಮುಖ್ಯಗುರು ಶರಣಕುಮಾರ ಇಬ್ಬರನ್ನೂ ತಮ್ಮ ಕೋಣೆಗೆ ಕರೆದರು. ಅವರು ಕೆಟ್ಟ ಮನುಷ್ಯರಲ್ಲ. ಪ್ರಹ್ಲಾದ ಸತ್ತಾಗ ಆಡಳಿತ ಮಂಡಳಿಯ ಮುಂದೆ ಭಾಮಾಳ ಪರವಾಗಿ ಮಾತಾಡಿದವರು ಅವರೇ. ಆ ಖಾನೆಯ ಬಲದಿಂದಲೇ ಅವಳಿಗೆ ಕೆಲಸ ಸಿಕ್ಕಿತ್ತು. ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ತಿರುಗಿ ಕೇಳುವ ಯೋಜನೆಯನ್ನು ಕೈಬಿಟ್ಟು ಹಳೆಯ ಕಾರ್ಡುಗಳನ್ನೇ ಅಂದವಾಗಿ ಜೋಡಿಸಿ ಇಡೋಣ, ಮಕ್ಕಳು ಬೇರೆ ಚಾರ್ಟು ಮಾಡಲಿ ಎಂದರು. ತೀರಿಹೋದವರ ಹೆಸರು ಪಾಲಕರ ಬಾಯಿಗೆ ಯಾಕೆ ಬೀಳಬೇಕು ಎಂದು ಕೇಳಿದರು.

ಮಕ್ಕಳು ಬರೆದದ್ದು ಏನು ಮಾಡುವುದು ಎಂದು ಅಜಯಕುಮಾರ ಕೇಳಿದ. ಅವರು ಮೂರು ವಾರ ಊರೂರು ತಿರುಗಿದ್ದಾರೆ, ಕೇಳಿದ್ದನ್ನೇ ಬರೆದಿದ್ದಾರೆ. ಅದನ್ನು ಮುಚ್ಚಿಡಿ ಎಂದು ನಾನು ಯಾವ ಬಾಯಿಂದ ಹೇಳಲಿ ಎಂದ. ಸ್ವಲ್ಪ ಜೋರಾಗಿಯೇ ಹೇಳಿದ. ಆಮೇಲೆ ಭಾಮಾಳ ಕಡೆ ತಿರುಗಿ ದನಿ ಇಳಿಸಿದ.

“ನಿಮ್ಮ ಮನಿ ವಿಷಯ ಅದರಿ ಅಕ್ಕೋರ. ನೀವ್ ಹೆಂಗಂತೀರಿ ಹಂಗ.”

ಶುಕ್ರವಾರದೊಳಗೆ ಹೇಳುತ್ತೇನೆ ಎಂದಳು ಭಾಮಾ.

ಬುಧವಾರ, ಗುರುವಾರ ಅವಳು ಎಂದಿನಂತೆ ಇದ್ದಳು. ಗುರುವಾರ ಮಳಖೇಡಕ್ಕೆ ಹೋಗುವ ಸರದಿ ಇತ್ತು, ಹೋಗಿ ಬಂದಳು. ಪ್ರದಕ್ಷಿಣೆ ಹಾಕುವಾಗ ಏನಾದರೂ ಬೇಡಿಕೊಳ್ಳಬೇಕೆಂದು ನಿಂತಳು. ಏನನ್ನು ಎಂದು ತಿಳಿಯಲಿಲ್ಲ. ಗಂಡ ಸುಳ್ಳು ಬರೆದ. ಅದು ಯಾರಿಗೂ ಕೇಡು ಮಾಡುವ ಸುಳ್ಳಲ್ಲ. ಆದರೆ ಅವಳು ಈ ಐದು ತಿಂಗಳು ಮಕ್ಕಳ ಮುಂದೆ ನಿಂತು, ಹೇಳಿದವರ ಹೆಸರಿಲ್ಲದೆ ಒಂದು ಸಾಲೂ ಬರೆಯಬೇಡಿ ಎಂದು ಹೇಳಿದ್ದಳು. ಸಿಟ್ಟು ಬರಬಹುದೇ ಎಂದು ಒಳಗೆ ನೋಡಿಕೊಂಡಳು. ಬರಲಿಲ್ಲ. ಅಳು ಕೂಡ ಬರಲಿಲ್ಲ. ಕಾಗಿಣಾ ನದಿಯಲ್ಲಿ ಮೊಣಕಾಲು ಮಟ್ಟದ ನೀರಿತ್ತು. ಕಾಲು ತೊಳೆದುಕೊಂಡು ಬಸ್ಸು ಹತ್ತಿದಳು.

ಶುಕ್ರವಾರ ಮಧ್ಯಾಹ್ನ ಸಪ್ನಾ ಗ್ರಂಥಾಲಯಕ್ಕೆ ಬಂದಳು. ಪ್ರದರ್ಶನಕ್ಕೆ ಚೊಕ್ಕ ಪ್ರತಿ ಬರೆಯಬೇಕಾಗಿತ್ತು.

“ಅಕ್ಕೋರ, ಹಳೀ ಕಾರ್ಡಿಂದೂ ಬರೀಬೇಕಂದಾರ ಸರ್. ಹೇಳಿದವ್ರು ಅಂತಿರೋ ಕಡೆ ಏನ್ ಬರೀಲಿ? ಚಂದ್ರಾಮ ಮುತ್ಯಾ ಹೇಳಿಲ್ಲಲ್ರಿ.”

ಭಾಮಾ ಆ ಕಾರ್ಡನ್ನು ತೆಗೆದುಕೊಂಡಳು. ಚಂದ್ರಾಮನ ಹೆಸರಿನ ಕೆಳಗೆ ಒಂದು ಸಾಲಿನ ಜಾಗ ಇತ್ತು. ಅಲ್ಲಿ ತನ್ನ ಕೈಯಾರೆ, ‘ಇದನ್ನು ಪ್ರಹ್ಲಾದ ಬರೆದರು. ಕೇಳಿ ಬರೆದದ್ದಲ್ಲ’ ಎಂದು ಬರೆದು, ಸಹಿ ಹಾಕಿ, ತಾರೀಖು ಹಾಕಿದಳು. ಹೀಗೆಯೇ ಬರೆದುಕೋ ಎಂದು ಸಪ್ನಾಗೆ ಕೊಟ್ಟಳು. ಹುಡುಗಿ ಓದಿ, ಬೆಂಚಿಗೆ ಹೋಗಿ ಕುಳಿತು ಬರೆಯತೊಡಗಿದಳು. ಭಾಮಾ ಉಳಿದ ಮೂವತ್ತೇಳು ಕಾರ್ಡುಗಳನ್ನು ಎಳೆದುಕೊಂಡಳು. ಶಾಲೆ ಬಿಡುವ ಗಂಟೆಯ ಒಳಗೆ ಎಲ್ಲ ಮುಗಿಯಿತು. ಹೊಸ ಪುಸ್ತಕಗಳಿಗೆ ಸಂಖ್ಯೆ ಹಾಕಿದಷ್ಟೇ ಹೊತ್ತು ಹಿಡಿಯಿತು.

ಅಜಯಕುಮಾರ ಸಂಜೆ ಬಂದು ನೋಡಿದ. ಒಂದು ಕಾರ್ಡು ಓದಿದ, ಎರಡು ಓದಿದ, ಖಾನೆ ಮುಚ್ಚಿದ. ಮುಖ್ಯಗುರುಗಳಿಗೆ ತಾನೇ ಹೇಳುತ್ತೇನೆ ಎಂದ. ಭಾಮಾ ಬೇಡವೆಂದಳು. ನಾಳೆ ಅವರೇ ನೋಡುತ್ತಾರೆ.

ಶನಿವಾರ ಪಾಲಕರು ನಿರೀಕ್ಷೆಗಿಂತ ಹೆಚ್ಚು ಬಂದರು. ಗ್ರಂಥಾಲಯದ ನಡುವೆ ಮೇಜಿನ ಮೇಲೆ ಪ್ರಹ್ಲಾದನ ಫೋಟೋಕ್ಕೆ ಸೇವಂತಿಗೆಯ ಮಾಲೆ. ಅದರ ಮುಂದೆ ಸಾಲಾಗಿ ಹಳೆಯ ಕಾರ್ಡು ಒಂದು, ಹೊಸ ಕಾರ್ಡು ಒಂದು. ಕೋಡ್ಲಾದಿಂದ ಚಂದ್ರಾಮನೂ ಬಂದಿದ್ದ. ಸಪ್ನಾ ಅವನನ್ನು ಕೈಹಿಡಿದೇ ಕರೆತಂದಿದ್ದಳು. ತೆಳ್ಳಗಿನ ಮುದುಕ, ತಾನೇ ಹೊಲಿದ ಬಿಳಿ ಅಂಗಿ, ಕತ್ತಿನಲ್ಲಿ ಅಳತೆಯ ಟೇಪು ಹಾಗೆಯೇ ಉಳಿದಿತ್ತು. ಅಂಕಿ ಬಿಟ್ಟು ಅವನಿಗೆ ಓದಲು ಬರುತ್ತಿರಲಿಲ್ಲ. ನನ್ನ ಬಗ್ಗೆ ಆ ಸರ್ ಏನು ಬರೆದಿದ್ದಾರೆ, ಪೂರಾ ಓದಿ ಹೇಳಿರಿ ಎಂದು ಭಾಮಾಳನ್ನು ಕೇಳಿದ. ಸುತ್ತ ಏಳೆಂಟು ಜನ ನಿಂತಿದ್ದರು. ಮುಖ್ಯಗುರುಗಳೂ ಇದ್ದರು.

ಭಾಮಾ ಕಾರ್ಡು ಎತ್ತಿಕೊಂಡು ಓದಿದಳು. ಎರಡು ಎತ್ತು, ಕೊರಳ ಗಂಟೆ, ಬೆಳಗಿನ ಜಾವದಲ್ಲಿ ಹೊರಟು ಹೊತ್ತೇರುವುದರೊಳಗೆ ಸಂತೆ ಮುಟ್ಟುವುದು, ದಾರಿಯಲ್ಲಿ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚುವುದು. ಬರಹ ಚೆನ್ನಾಗಿತ್ತು. ಚಂದ್ರಾಮ ತಲೆ ಅಲ್ಲಾಡಿಸುತ್ತ ಕೇಳಿದ.

“ಹುಟ್ಟಿದಾಗಿಂದ ನನಗ ಒಂದ್ ಕುರಿಮರಿ ಯಾರೂ ಕೊಟ್ಟಿಲ್ಲ. ಈ ಸರ್ ಜೋಡೆತ್ತೇ ಕೊಟ್ಟಾರಲ್ರಿ,” ಎಂದ.

ಕೆಲವರು ನಕ್ಕರು. ಕೆಳಗೆ ಬೇರೆ ಮಸಿಯಲ್ಲಿ ಏನೋ ಇದೆಯಲ್ಲ, ಅದೇನು ಎಂದು ಅವನೇ ಬೆರಳಿಟ್ಟು ಕೇಳಿದ. ಭಾಮಾ ಅದನ್ನೂ ಓದಿದಳು. ಅದೇ ದನಿಯಲ್ಲಿ, ನಿಲ್ಲಿಸದೆ.

“ಇದನ್ನು ಪ್ರಹ್ಲಾದ ಬರೆದರು. ಕೇಳಿ ಬರೆದದ್ದಲ್ಲ. ಸಹಿ, ಭಾಮಾ.”

ನಗು ನಿಂತಿತು. ಚಂದ್ರಾಮ ಒಮ್ಮೆ ಫೋಟೋ ನೋಡಿದ, ಒಮ್ಮೆ ಅವಳ ಬರಿ ಹಣೆ ನೋಡಿದ. ಇರಲಿ ಬಿಡಿರಿ ಎಂಬಂತೆ ಕೈ ಆಡಿಸಿ ಮುಂದಿನ ಮೇಜಿನ ಕಡೆ ನಡೆದ. ಸಪ್ನಾ ಅವನ ಹಿಂದೆ ಹೋದಳು. ಜನ ಅತ್ತಿತ್ತ ಸರಿದರು.

ಶರಣಕುಮಾರ ಹತ್ತಿರ ಬಂದು ಒಂದೊಂದೇ ಕಾರ್ಡು ಎತ್ತಿ ಕೆಳಗಿನ ಸಾಲು ನೋಡಿದರು. ಐದಾರು ನೋಡಿದ ಮೇಲೆ ಬಿಟ್ಟರು. ಅವರ ಮುಖ ಕೆಂಪಾಗಿತ್ತು, ಆದರೆ ದನಿ ಏರಲಿಲ್ಲ.

“ಹಿಂಗಾದ್ರ ಹೆಂಗ್ರಿ ಭಾಮಾಬಾಯಿ. ಫೋಟೋ ಇಡೋಣೋ, ಈ ಕಾರ್ಡ್ ಇಡೋಣೋ? ಯಾವ್ದರ ಒಂದು ಹೇಳ್ರಿ.”

“ಎರಡೂ ಇರ್ಲಿ ಸರ್,” ಎಂದಳು ಭಾಮಾ.

ಅವರು ಇನ್ನೇನೋ ಹೇಳುವವರಿದ್ದರು. ಬಾಗಿಲಲ್ಲಿ ಇನ್ನಷ್ಟು ಪಾಲಕರು ಬಂದು ನಿಂತರು. ಭಾಮಾ ಹೋಗಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರ್ರಿ, ಎಡಗಡೆಯಿಂದ ನೋಡ್ತಾ ಬರ್ರಿ ಎಂದು ಅವರಿಗೆ ಹೇಳಿದಳು.